ಪ್ರಾದೇಶಿಕ ಕಲೆಯ ಸಂಶೋಧನೆಗೆ ದತ್ತಿ ಪ್ರತಿಷ್ಠಾನಗಳ ನೆರವು ಏಕೆ ಬೇಕಾಗುತ್ತದೆ?

ಸಂಶೋಧನೆ ಮುಗಿದರೂ ಅದು ಪುಸ್ತಕವಾಗಿ ಹೊರಬರುವ ಖರ್ಚನ್ನು ಮಾರಾಟದಿಂದ ತುಂಬಿಕೊಳ್ಳಲಾಗದು ಎಂಬುದೇ ಮುಖ್ಯ ಕಾರಣ. ಒಂದು ಪ್ರದೇಶದ ಶಿಲ್ಪ, ಚಿತ್ರ, ಕಟ್ಟಡಗಳನ್ನು ಕುರಿತ ಗ್ರಂಥಕ್ಕೆ ಓದುಗರು ಕಡಿಮೆ. ಆದರೆ ಛಾಯಾಚಿತ್ರ, ನಕಾಶೆ, ವಸ್ತುಸಂಗ್ರಹಾಲಯಗಳಿಗೆ ತೆರಬೇಕಾದ ಚಿತ್ರಬಳಕೆಯ ಶುಲ್ಕ ಮೊದಲಾದವುಗಳ ವೆಚ್ಚ ಪ್ರತಿಗಳ ಸಂಖ್ಯೆ ಇಳಿದಷ್ಟು ಇಳಿಯುವುದಿಲ್ಲವಾದ್ದರಿಂದ ಪ್ರತಿಯೊಂದರ ಬೆಲೆ ಕೈಗೆಟುಕದಂತಾಗುತ್ತದೆ. ಬ್ರಿಟನ್ನಿನಲ್ಲಿ 1956ರಲ್ಲಿ ಸ್ಥಾಪನೆಯಾದ ಮಾರ್ಕ್ ಫಿಚ್ ನಿಧಿಯು ಪ್ರಾದೇಶಿಕ ಇತಿಹಾಸ, ಕಲೆ ಮತ್ತು ವಾಸ್ತುಶಿಲ್ಪದ ವಿದ್ವತ್ ಗ್ರಂಥಗಳ ಪ್ರಕಟಣೆಗೆ ಧನಸಹಾಯ ನೀಡಿ ಈ ಕೊರತೆಯನ್ನೇ ತುಂಬುತ್ತದೆ. ಸಾಮಾನ್ಯವಾಗಿ ದತ್ತಿ ಸಂಸ್ಥೆಗಳು ಮೂಲಧನವನ್ನು ಹೂಡಿಕೆಯಲ್ಲಿಟ್ಟು ಅದರ ಆದಾಯವನ್ನಷ್ಟೇ ಹಂಚುವುದರಿಂದ, ಅನುದಾನ ಸಣ್ಣದಾದರೂ ದಶಕಗಳ ಕಾಲ ಸಿಗುತ್ತಿರುತ್ತದೆ. ನಿಧಾನವಾಗಿ ಸಾಗುವ ಇಂಥ ಅಧ್ಯಯನಕ್ಕೆ, ನನ್ನ ದೃಷ್ಟಿಯಲ್ಲಿ, ಒಮ್ಮೆಲೇ ಬರುವ ದೊಡ್ಡ ಮೊತ್ತಕ್ಕಿಂತ ಅದೇ ಹೆಚ್ಚು ಉಪಯುಕ್ತ.