ಅಪ್ಪ ಗುಳಿಗೆ ಬಿಟ್ಟಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಮ್ಮ ಅಪ್ಪನಿಗೆ 61 ವರ್ಷ. ಇಲ್ಲಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಸ್ಟಂಟ್ ಹಾಕಿಸಿದೆವು. ಕೊಲೆಸ್ಟ್ರಾಲ್‌ಗೆ ಅಂತ ರಾತ್ರಿ ಒಂದು ಅಟಾರ್ವಾಸ್ಟಾಟಿನ್ ಗುಳಿಗೆ ಕೊಟ್ಟಿದ್ದರು. ಗುಳಿಗೆ ನುಂಗುತ್ತಿದ್ದಾಗ ರಿಪೋರ್ಟ್ ನಾರ್ಮಲ್ ಬಂತು. ಅದರ ಮೇಲೆ ಯಾರೋ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದಾರೆ. ಈ ಗುಳಿಗೆಯಿಂದ ಹೃದಯಕ್ಕೆ ಏನೂ ಉಪಯೋಗವಿಲ್ಲ, ಎಲ್ಲ ಕಂಪನಿಗಳ ಆಟ ಅಂತ ಅದರಲ್ಲಿದೆ. ಅಪ್ಪ ಎರಡು ತಿಂಗಳಿಂದ ಗುಳಿಗೆ ಬಿಟ್ಟಿದ್ದಾರೆ. ಕಾಲು ನೋವೂ ಅದರಿಂದಲೇ ಬಂತು ಅನ್ನುತ್ತಾರೆ. ನಿಜವಾ?
– ಹೆಸರು ಬೇಡ, ಗಂಗಾವತಿ

ಉತ್ತರ: ತಂಗಿ, ಮೊದಲು ಅಪ್ಪನ ಗುಳಿಗೆ ಡಬ್ಬಿ ತೆಗೆದು ನೋಡಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಟ್ಟ ಗುಳಿಗೆಗಳನ್ನೂ ಇದರ ಜೊತೆಗೇ ಬಿಟ್ಟಿದ್ದಾರಾ? ಬಿಟ್ಟಿದ್ದರೆ ನಾಳೆಗೆ ಕಾಯಬೇಡಿ. ಸ್ಟಂಟ್ ಹಾಕಿದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಸ್ಟಂಟಿನ ಒಳಗೇ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಒಮ್ಮೆ ಹಾರ್ಟ್ ಅಟ್ಯಾಕ್ ಆದವರಿಗೆ ಈ ಗುಳಿಗೆ ಬೇಕೇ ಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ಹೃದಯದ ಕಾಯಿಲೆ ಇದ್ದ 4,444 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು. 1994ರಲ್ಲಿ ಅದರ ಫಲಿತಾಂಶ ಬಂತು. ಅರ್ಧ ಜನರಿಗೆ ಸಿಮ್ವಾಸ್ಟಾಟಿನ್ (ಅಪ್ಪನ ಗುಳಿಗೆಯ ಜಾತಿಯದೇ, ಈ ಜಾತಿಗೆ ಸ್ಟಾಟಿನ್ ಅನ್ನುತ್ತಾರೆ), ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವೇ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಐದು ವರ್ಷ ದಾಟಿದ ಮೇಲೆ ನೋಡಿದರೆ, ಬರೀ ಗುಳಿಗೆ ನುಂಗಿದವರಲ್ಲಿ 256 ಜನ ತೀರಿಹೋಗಿದ್ದರು. ಔಷಧ ನುಂಗಿದವರಲ್ಲಿ 182. ಪರೀಕ್ಷೆಗೆ ಹಣ ಹಾಕಿದ್ದು ಗುಳಿಗೆ ಮಾಡುವ ಕಂಪನಿಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಮೇಲೆ ಬೇರೆ ದೇಶಗಳಲ್ಲಿ, ಬೇರೆ ಸ್ಟಾಟಿನ್‌ಗಳ ಮೇಲೆ ನಡೆದ ದೊಡ್ಡ ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಲಾಭ ಕಂಡಿದೆ.

ವಿಡಿಯೋದವರು ಹೇಳಬಹುದಾದ ಒಂದು ಮಾತು ಮಾತ್ರ ನಿಜ. ಕೊಲೆಸ್ಟ್ರಾಲ್ ಅಂಕಿ ಸರಿಮಾಡಿದ ಔಷಧವೆಲ್ಲ ಹೃದಯ ಕಾಪಾಡಿಲ್ಲ. ಟಾರ್ಸೆಟ್ರಪಿಬ್ ಅಂತ ಒಂದಿತ್ತು. ಕೆಟ್ಟ ಕೊಲೆಸ್ಟ್ರಾಲ್ ಇಳಿಸಿತು, ಒಳ್ಳೆಯದನ್ನು ಏರಿಸಿತು. ರಿಪೋರ್ಟ್ ನೋಡಿದರೆ ಬಲು ಚೆಂದ. ಆದರೆ ಅದನ್ನು ನುಂಗಿದವರಲ್ಲೇ ಸಾವು ಜಾಸ್ತಿಯಾಯಿತು. 2006ರಲ್ಲಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಅದಕ್ಕೇ ನಾನು ಯಾವ ಔಷಧದ ಬಗ್ಗೆಯೂ ಮೊದಲು ಕೇಳುವುದು, ಎಷ್ಟು ಜನ ಬದುಕಿದರು ಅಂತ. ಸ್ಟಾಟಿನ್ ಆ ಪರೀಕ್ಷೆಯಲ್ಲಿ ಪಾಸಾಗಿದೆ.

ನಮ್ಮ ಕಡೆ ಎಲ್ಲರೂ ರಕ್ತನಾಳವನ್ನು ಕಾಲುವೆ ಅಂದುಕೊಳ್ಳುತ್ತಾರೆ. ಹೂಳು ತುಂಬಿತ್ತು, ಸ್ಟಂಟ್ ಹಾಕಿ ತೆಗೆದರು, ನೀರು ಹರಿಯಿತು, ಇನ್ನೇನು ಬೇಕು ಅಂತ. ಹಾಗಲ್ಲ ತಂಗಿ. ಕೊಬ್ಬು ಸೇರುವುದು ನಾಳದ ಗೋಡೆಯ ಒಳಗೆ, ಕುರು ಎದ್ದ ಹಾಗೆ. ಕುರು ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಾಳ ಮುಚ್ಚುತ್ತದೆ. ಹೆಚ್ಚಿನ ಹಾರ್ಟ್ ಅಟ್ಯಾಕ್ ಆಗುವುದು ಹೀಗೆ. ಸ್ಟಂಟ್ ಹಾಕಿದ್ದು ಒಂದೆರಡು ಜಾಗಕ್ಕೆ. ಉಳಿದ ಕುರುಗಳು ಹಾಗೇ ಇರುತ್ತವೆ. ಸ್ಟಾಟಿನ್ ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಗ್ಗಿಸುತ್ತದೆ. ಆಗ ಲಿವರು ರಕ್ತದಲ್ಲಿರುವ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಅನ್ನು ಎಳೆದುಕೊಳ್ಳುತ್ತದೆ. ನಿಧಾನಕ್ಕೆ ಕುರುಗಳ ಮೇಲಿನ ಪದರ ಗಟ್ಟಿಯಾಗುತ್ತದೆ.

ನಿಮ್ಮೂರು ಭತ್ತದ ಊರು, ಅಪ್ಪ ಗಿರಣಿಯವರು. ಅವರಿಗೆ ಇದನ್ನೂ ಹೇಳಿ. ಸ್ಟಾಟಿನ್ ಮೊದಲು ಸಿಕ್ಕಿದ್ದು ಬೂಷ್ಟಿನಲ್ಲಿ. ಜಪಾನಿನ ಅಕಿರಾ ಎಂಡೊ 1970ರ ದಶಕದ ಮೊದಲಲ್ಲಿ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸುತ್ತಿದ್ದರು. ಕ್ಯೋಟೊ ಊರಿನ ಧಾನ್ಯದ ಅಂಗಡಿಯ ಅಕ್ಕಿಯಲ್ಲಿ ಬೆಳೆದ ಬೂಷ್ಟಿನಲ್ಲಿ ಅದು ಸಿಕ್ಕಿತು.

ರಿಪೋರ್ಟ್ ನಾರ್ಮಲ್ ಬಂದದ್ದು ಗುಳಿಗೆಯಿಂದಲೇ ಅಲ್ವಾ? ಬಿಟ್ಟರೆ ಕೆಲವೇ ವಾರಗಳಲ್ಲಿ ಮೊದಲಿನ ಅಂಕಿಗೆ ಬರುತ್ತದೆ. ಯಲಬುರ್ಗಾದಲ್ಲಿದ್ದ ನನ್ನ ಸೋದರಮಾವನೂ ನಾರ್ಮಲ್ ಅನ್ನುವ ಮಾತು ಕೇಳಿಯೇ ಬಿಟ್ಟಿದ್ದ. ನನಗೆ ಹೇಳಲಿಲ್ಲ. ಹತ್ತು ತಿಂಗಳಿಗೆ ಎರಡನೆಯ ಅಟ್ಯಾಕ್ ಆಯಿತು. ಬಿಟ್ಟದ್ದಕ್ಕೇ ಆಯಿತು ಅಂತ ಒಬ್ಬ ಮನುಷ್ಯನನ್ನು ನೋಡಿ ಹೇಳಲು ಬರುವುದಿಲ್ಲ. ಆದರೆ ಡಾಕ್ಟರ್ ಆದ ನಾನು ಒಮ್ಮೆಯಾದರೂ ಅವನ ಡಬ್ಬಿ ನೋಡಬೇಕಿತ್ತು. ನಿಮಗೆ ಡಬ್ಬಿ ತೆಗೆಯಿರಿ ಅಂದದ್ದು ಅದಕ್ಕೇ.

ಕಾಲು ನೋವನ್ನು ಸುಮ್ನೆ ತಳ್ಳಿಹಾಕಬೇಡಿ. ಸ್ಟಾಟಿನ್ ಕೆಲವರಿಗೆ ಸ್ನಾಯು ನೋವು ತರುತ್ತದೆ. ಶುಗರ್ ಬರುವ ಸಂಭವವನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಆದರೆ 2020ರಲ್ಲಿ ಬ್ರಿಟನ್ನಿನಿಂದ ಬಂದ ಒಂದು ಅಧ್ಯಯನ ನೋಡಿ. ತೊಂದರೆ ಆಯಿತು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನು ಸೇರಿಸಿಕೊಂಡರು. ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಬರೀ ಗುಳಿಗೆ, ಕೆಲವು ತಿಂಗಳು ಏನೂ ಇಲ್ಲ. ಸ್ಟಾಟಿನ್ ನುಂಗುವಾಗ ಆದ ತೊಂದರೆಯ ಶೇ. 90ರಷ್ಟು ಬರೀ ಗುಳಿಗೆ ನುಂಗುವಾಗಲೂ ಆಯಿತು. ಅವರ ನೋವು ಸುಳ್ಳಲ್ಲ. ಅದರಲ್ಲಿ ಹೆಚ್ಚಿನದಕ್ಕೆ ಆ ಔಷಧ ಕಾರಣವಾಗಿರಲಿಲ್ಲ, ಅಷ್ಟೆ. ಅಪ್ಪನ ಡಾಕ್ಟರು ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು. ನೋವು ತೀರಾ ಜೋರಾಗಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನನಗೆ 42 ವರ್ಷ, ಶಾಲಾ ಶಿಕ್ಷಕಿ. ಬಿ.ಪಿ., ಶುಗರ್ ಇಲ್ಲ. ಕೊಲೆಸ್ಟ್ರಾಲ್ 228 ಬಂದಿದೆ. ಗುಳಿಗೆ ಶುರು ಮಾಡಲೇ?
– ಓದುಗರು, ಸಿಂಧನೂರು

ಉತ್ತರ: ಈ ಒಂದು ಅಂಕಿ ನೋಡಿ ನಾನಂತೂ ಶುರು ಮಾಡುವುದಿಲ್ಲ. ಹಾರ್ಟ್ ಅಟ್ಯಾಕ್ ಆಗದವರಲ್ಲೂ ಸ್ಟಾಟಿನ್ ಕೆಲಸ ಮಾಡುತ್ತದೆ, ಆದರೆ ಲಾಭ ಪಡೆಯುವವರ ಸಂಖ್ಯೆ ಕಡಿಮೆ. ಸ್ಕಾಟ್ಲೆಂಡಿನಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದ 45ರಿಂದ 64 ವರ್ಷದ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1995ರಲ್ಲಿ ಬಂತು. ಸುಮಾರು ಐದು ವರ್ಷದಲ್ಲಿ ಬರೀ ಗುಳಿಗೆಯವರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಅಟ್ಯಾಕ್ ಆಯಿತು, ಇಲ್ಲವೇ ಹೃದಯದ ಕಾಯಿಲೆಯಿಂದ ಸಾವು ಬಂತು. ಔಷಧದವರಲ್ಲಿ ಐದೂವರೆ. ಇದನ್ನೇ ಒಬ್ಬರು ‘ಶೇ. 31 ಇಳಿಕೆ’ ಅನ್ನುತ್ತಾರೆ, ಇನ್ನೊಬ್ಬರು ‘ನೂರಕ್ಕೆ ಎರಡೂವರೆ ಜನ’ ಅನ್ನುತ್ತಾರೆ. ಎರಡೂ ಸರಿ. ನಿಮ್ಮ ಅಪಾಯ ಆ ಗಂಡಸರಿಗಿಂತ ಬಹಳ ಕಡಿಮೆ.

ಎಲ್‌ಡಿಎಲ್ 190 ದಾಟಿದ್ದರೆ, ಇಲ್ಲವೇ ತಂದೆ, ಅಣ್ಣತಮ್ಮಂದಿರಿಗೆ ಸಣ್ಣ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ ಮಾತು ಬೇರೆ, ಡಾಕ್ಟರನ್ನು ನೋಡಿ. ಥೈರಾಯ್ಡ್ ಕಡಿಮೆಯಾದರೂ ಕೊಲೆಸ್ಟ್ರಾಲ್ ಏರುತ್ತದೆ. ಗುಳಿಗೆಯ ಮಾತು ಎತ್ತುವ ಮೊದಲು ಆ ಒಂದು ರಕ್ತ ಪರೀಕ್ಷೆ ಮಾಡಿಸಿ.