ಹೊಲದಲ್ಲಿ ಸಿಕ್ಕ ಸೀಸದ ಗುಂಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಹರಿಹರದ ಹೊರವಲಯದಲ್ಲಿ ನಮಗೆ ನಾಲ್ಕು ಎಕರೆ ಹೊಲವಿದೆ. ಆ ಬಯಲಿನಲ್ಲಿ ಹಿಂದೆ ಬ್ರಿಟಿಷರ ದಂಡು ಇತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಸಲ ಮುಂಗಾರಿಗೆ ಮೊದಲು ಉಳುವಾಗ ಎರಡು ಸೀಸದ ಗುಂಡುಗಳೂ ಅಂಕಿಯಿರುವ ಒಂದು ಹಿತ್ತಾಳೆ ಬಟನ್ನೂ ಸಿಕ್ಕವು. ಮೆಟಲ್ ಡಿಟೆಕ್ಟರ್ ತರಿಸಿ ಇಡೀ ಹೊಲವನ್ನು ಹುಡುಕೋಣವೆಂದು ಅಕ್ಕನ ಮಗ ಹಟ ಹಿಡಿದಿದ್ದಾನೆ. ಹೊಲ ನಮ್ಮದೇ ಆದ್ದರಿಂದ ಇದರಲ್ಲಿ ತಪ್ಪೇನಿದೆ?
(ಒಬ್ಬ ರೈತರು, ಹರಿಹರ ತಾಲ್ಲೂಕು)

ಉತ್ತರ: ಅಗೆಯುವುದಕ್ಕೆ ಮೊದಲೇ ತಾವು ಕೇಳಿದ್ದು ನಮಗೆ ಬಹಳ ಸಂತೋಷ ತಂದಿತು. ಇಂಥ ಪತ್ರಗಳು ಸಾಮಾನ್ಯವಾಗಿ ಅಗೆದು ಮುಗಿದ ಮೇಲೆ ಬರುತ್ತವೆ.

ತಮ್ಮ ಹಿರಿಯರ ಮಾತಿಗೆ ಆಧಾರವಿದೆ. ಹರಿಹರ ಪಟ್ಟಣದ ವಾಯವ್ಯಕ್ಕೆ ಸುಮಾರು ಎರಡು ಮೈಲಿ ದೂರದಲ್ಲಿ ಸೈನ್ಯದ ನೆಲೆಯಿತ್ತು. 1865ರವರೆಗೆ ಅಲ್ಲಿ ದೇಶೀ ಸಿಪಾಯಿಗಳ ಒಂದು ರೆಜಿಮೆಂಟ್ ಬೀಡುಬಿಟ್ಟಿತ್ತು. ಅದಕ್ಕೂ ಮೊದಲು, 1800ರ ಜೂನ್ ತಿಂಗಳಲ್ಲಿ, ಬಂಡುಕೋರ ನಾಯಕ ಧೋಂಡಿಯ ವಾಘನನ್ನು ಬೆನ್ನಟ್ಟಿ ಬಂದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರಿನ ಕಡೆಗೆ ಹೋದದ್ದೂ ಹರಿಹರದಿಂದಲೇ. ಹೀಗಿರುವಾಗ ತಮ್ಮ ಹೊಲದ ಗುಂಡುಗಳು ಹಲವು ದಶಕಗಳ ಅವಧಿಯಲ್ಲಿ ಯಾವಾಗ ಬೇಕಾದರೂ ಅಲ್ಲಿಗೆ ಬಂದಿರಬಹುದು. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು ಹಿಡಿಯುತ್ತಿದ್ದ ಮಸ್ಕೆಟ್ ಕೋವಿಯ ನಳಿಗೆ ಸುಮಾರು 19 ಮಿಲಿಮೀಟರ್ ಅಗಲವಿರುತ್ತಿತ್ತು. ಅದರೊಳಗೆ ಸಲೀಸಾಗಿ ಇಳಿಯಲೆಂದು ಗುಂಡನ್ನು ಸುಮಾರು 17.5 ಮಿಲಿಮೀಟರ್ ಅಳತೆಗೆ ಎರಕ ಹೊಯ್ಯುತ್ತಿದ್ದರು, ತೂಕ 30 ಗ್ರಾಂ ಆಸುಪಾಸು. ತಮ್ಮ ಗುಂಡುಗಳು ದುಂಡಗೆ ಉಳಿದಿದ್ದು, ಮೈಮೇಲೆ ಎರಕದ ಗೆರೆ ಇನ್ನೂ ಕಾಣುತ್ತಿದ್ದರೆ ಅವು ಹಾರಿಸಿದ ಗುಂಡುಗಳಲ್ಲ, ಯಾರದೋ ಚೀಲದಿಂದ ಬಿದ್ದವು. ಚಪ್ಪಟೆಯಾಗಿದ್ದರೆ ಎಲ್ಲಿಗೋ ಬಡಿದವು. ಆದರೆ ಸೀಸದ ಗುಂಡನ್ನು ಮೈಸೂರಿನ ಸೈನ್ಯವೂ ಪಾಳೆಯಗಾರರ ಕಡೆಯವರೂ ಬಳಸುತ್ತಿದ್ದುದರಿಂದ, ಗುಂಡೊಂದನ್ನೇ ನೋಡಿ ಇದು ಬ್ರಿಟಿಷರದೆಂದು ಹೇಳಿಬಿಡುವುದು ಸರಿಯಲ್ಲ. ಬಟನ್ನಿನ ಮೇಲಿನ ಅಂಕಿ ಅದಕ್ಕಿಂತ ಹೆಚ್ಚಿನದನ್ನು ಹೇಳಬಲ್ಲದು. ಬ್ರಿಟಿಷ್ ಸೈನ್ಯದಲ್ಲಿ ಸಾಮಾನ್ಯ ಸೈನಿಕರ ಬಟನ್ನುಗಳ ಮೇಲೆ ರೆಜಿಮೆಂಟಿನ ಸಂಖ್ಯೆ ಇರಬೇಕೆಂಬ ನಿಯಮ 1767ರಲ್ಲಿ ಬಂದಿತ್ತು.

ಇನ್ನು ಡಿಟೆಕ್ಟರಿನ ವಿಷಯ. ಅದರ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ನೆಲದೊಳಗೆ ಏರಿಳಿಯುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ಸುಳಿಪ್ರವಾಹಗಳು ಹುಟ್ಟುತ್ತವೆ, ಅವುಗಳ ಮಾರ್ದನಿಯನ್ನು ಯಂತ್ರ ಹಿಡಿದು ಸದ್ದು ಮಾಡುತ್ತದೆ. ನಾಣ್ಯದಷ್ಟು ಚಿಕ್ಕ ವಸ್ತುವಾದರೆ ಸಾಧಾರಣ ಯಂತ್ರಕ್ಕೆ ಒಂದು ಗೇಣಿನ ಆಳದವರೆಗೆ ಸುಳಿವು ಸಿಕ್ಕೀತು. ಇಲ್ಲಿ ನಾವು ಒತ್ತಿ ಹೇಳಬೇಕಾದ ಮಾತೆಂದರೆ, ಈ ಯಂತ್ರಕ್ಕೆ ಲೋಹದ ಹೊರತು ಬೇರೇನೂ ಕೇಳಿಸುವುದಿಲ್ಲ. ದಂಡು ಬಿಟ್ಟುಹೋದದ್ದರಲ್ಲಿ ಲೋಹ ಒಂದು ಪಾಲು ಮಾತ್ರ. ಒಲೆಯ ಬೂದಿ, ಒಡೆದ ಮಡಕೆ, ಬಾಟಲಿಯ ಗಾಜು, ತಿಂದೆಸೆದ ಮೂಳೆ, ಗೂಟ ನೆಟ್ಟ ಕುಳಿಯ ಗುರುತು, ಇವೆಲ್ಲ ಅದೇ ಮಣ್ಣಿನಲ್ಲಿವೆ. ಸದ್ದು ಬಂದಲ್ಲೆಲ್ಲ ಸಲಿಕೆ ಹಾಕುವವನು ಒಂದು ಬಟನ್ನಿಗಾಗಿ ಇವೆಲ್ಲವನ್ನೂ ಸೀಳಿಕೊಂಡು ಹೋಗುತ್ತಾನೆ, ಹಾಗೆ ಹೋದದ್ದು ಅವನ ಗಮನಕ್ಕೂ ಬರುವುದಿಲ್ಲ. ಲಾಳದ ಮೊಳೆಗಳು ಒಂದು ಮೂಲೆಯಲ್ಲಿ ಗುಂಪಾಗಿ ಸಿಕ್ಕರೆ ಅಲ್ಲಿ ಕುದುರೆ ಕಟ್ಟುತ್ತಿದ್ದರೆಂದು ಊಹಿಸಬಹುದು. ಅವನ್ನೇ ಹೆಕ್ಕಿ ಡಬ್ಬಿಯಲ್ಲಿ ತುಂಬಿದ ಮೇಲೆ ಅವು ತುಕ್ಕು ಹಿಡಿದ ಮೊಳೆಗಳಷ್ಟೆ.

ಯಂತ್ರವೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಅಮೆರಿಕದಲ್ಲಿ ಲಿಟಲ್ ಬಿಗ್‌ಹಾರ್ನ್ ಎಂಬಲ್ಲಿ 1876ರಲ್ಲಿ ನಡೆದ ಕದನದ ಬಯಲಿಗೆ 1983ರಲ್ಲಿ ಬೆಂಕಿ ಬಿದ್ದು ಹುಲ್ಲು ಸುಟ್ಟುಹೋಯಿತು. ಮರುವರ್ಷ ಪುರಾತತ್ವಜ್ಞರು ಡಿಟೆಕ್ಟರ್ ಹಿಡಿದ ಸ್ವಯಂಸೇವಕರನ್ನು ಸಾಲಾಗಿ ನಡೆಸಿ, ಸದ್ದು ಬಂದ ಪ್ರತಿಯೊಂದು ಜಾಗಕ್ಕೂ ಬಾವುಟ ನೆಟ್ಟು, ಸ್ಥಾನವನ್ನು ಅಳೆದು ನಕ್ಷೆಯಲ್ಲಿ ಗುರುತಿಸಿದ ನಂತರವೇ ವಸ್ತುಗಳನ್ನು ಎತ್ತಿದರು. ತೋಟಾ ಕೊಳವೆಗಳ ಮೇಲಿನ ಗುರುತುಗಳನ್ನು ಹೋಲಿಸಿ, ಒಂದೊಂದು ಬಂದೂಕು ಕದನದ ವೇಳೆ ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದನ್ನು ಕೂಡ ಅವರು ಕಂಡುಕೊಂಡರು. ಅದೇ ಯಂತ್ರವನ್ನು ಮನಬಂದಂತೆ ಓಡಾಡಿಸಿದ್ದರೆ ಇದ್ಯಾವುದೂ ತಿಳಿಯುತ್ತಿರಲಿಲ್ಲ.

ಕಾನೂನಿನ ದೃಷ್ಟಿಯಿಂದ, ಹೊಲ ತಮ್ಮದೆಂಬ ಮಾತ್ರಕ್ಕೆ ನೆಲದೊಳಗೆ ಸಿಕ್ಕದ್ದೆಲ್ಲ ತಮ್ಮದಾಗುವುದಿಲ್ಲ. 1878ರ ಭಾರತೀಯ ನಿಧಿ ಕಾಯ್ದೆ ಮಣ್ಣಿನಲ್ಲಿ ಹುದುಗಿದ ಬೆಲೆಯುಳ್ಳ ಯಾವುದೇ ವಸ್ತುವನ್ನು ನಿಧಿ ಎಂದೇ ಪರಿಗಣಿಸುತ್ತದೆ. ಬೆಲೆ ಹತ್ತು ರೂಪಾಯಿ ಮೀರಿದರೆ ಸಿಕ್ಕವರು ಲಿಖಿತವಾಗಿ ತಿಳಿಸಬೇಕು, ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ನಮ್ಮ ರಾಜ್ಯಕ್ಕೆ 1962ರಲ್ಲಿ ಪ್ರತ್ಯೇಕ ನಿಧಿ ಕಾಯ್ದೆಯೇ ಬಂದಿದೆ. ಇದರ ಜೊತೆಗೆ 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ, ಲೋಹದ ವಸ್ತು ಮುಂತಾದವು ಪುರಾವಸ್ತುಗಳು. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೂ ಇಲ್ಲ. ಇಂಗ್ಲೆಂಡಿನಲ್ಲಿ ಜಮೀನಿನ ಒಡೆಯನ ಒಪ್ಪಿಗೆ ಪಡೆದು ಹವ್ಯಾಸಕ್ಕಾಗಿ ಹುಡುಕುವ ಪದ್ಧತಿಯಿದೆ, ಸಿಕ್ಕದ್ದನ್ನು ದಾಖಲಿಸಲು 1997ರಿಂದ ವ್ಯವಸ್ಥೆಯೂ ಇದೆ. ಆ ವಿಡಿಯೊಗಳನ್ನು ನೋಡಿ ಇಲ್ಲಿಯೂ ಹಾಗೆಯೇ ಎಂದು ತಮ್ಮ ಅಕ್ಕನ ಮಗ ತಿಳಿದಿದ್ದರೆ ದಯವಿಟ್ಟು ತಿದ್ದಿ ಹೇಳಿ.

ಈಗ ತಾವು ಮಾಡಬಹುದಾದದ್ದು ಇಷ್ಟು. ಗುಂಡು ಮತ್ತು ಬಟನ್ ಸಿಕ್ಕ ಜಾಗವನ್ನು ಬದುವಿನಿಂದಲೋ ಬಾವಿಯಿಂದಲೋ ಅಳೆದು, ಮೊಬೈಲಿನಲ್ಲಿ ಫೋಟೊ ತೆಗೆದು, ಎಷ್ಟು ಆಳದಲ್ಲಿ ಸಿಕ್ಕವೆಂದು ನೆನಪಿರುವಾಗಲೇ ಬರೆದಿಡಿ. ಎರೆಭೂಮಿಯಾಗಿದ್ದರೆ ಅದನ್ನೂ ಬರೆಯಿರಿ, ಏಕೆಂದರೆ ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಿನಲ್ಲಿ ಮೇಲಿನ ವಸ್ತು ಬಿರುಕಿನೊಳಗೆ ಜಾರಿ ಪದರಗಳು ಕಲಸಿಹೋಗುತ್ತವೆ. ಬಳಿಕ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ಒಂದು ಅರ್ಜಿ ಕೊಟ್ಟು, ಪ್ರತಿಗೆ ಸ್ವೀಕೃತಿ ಪಡೆದುಕೊಳ್ಳಿ. ಎಂದಿನಂತೆ ಉಳುಮೆ ಮುಂದುವರಿಸಿ.

ಪ್ರಶ್ನೆ: ಚಿತ್ರದುರ್ಗದ ಕೋಟೆಯ ತಪ್ಪಲಲ್ಲಿಯೂ ಬ್ರಿಟಿಷ್ ಸೈನ್ಯವಿತ್ತೆಂದು ಓದಿದ್ದೇನೆ. ಗೆಳೆಯರು ಅಲ್ಲಿ ಡಿಟೆಕ್ಟರ್ ಹಿಡಿದು ಹೋಗುವ ಯೋಚನೆಯಲ್ಲಿದ್ದಾರೆ. ಮಣ್ಣನ್ನು ಕೆದಕದೆ ಬರೀ ಹುಡುಕಿದರೆ ಆಗದೇ?
(ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಬೇಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದುರ್ಗದಲ್ಲಿ ಕೆಲಕಾಲ ಬ್ರಿಟಿಷ್ ಪಡೆ ಇದ್ದದ್ದು, ಹವೆ ಒಗ್ಗದೆ ಅದನ್ನು ತೆರವು ಮಾಡಿದ್ದು ನಿಜ. ಆದರೆ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದು, 1958ರ ಕಾಯ್ದೆಯಂತೆ ಸಂರಕ್ಷಿತ ಪ್ರದೇಶದಲ್ಲಿ ಪರವಾನಗಿಯಿಲ್ಲದೆ ಅಗೆಯುವುದು ಅಪರಾಧ. ಸದ್ದು ಬಂದ ಮೇಲೆ ಮಣ್ಣು ಕೆದಕದೆ ಹಿಂದಿರುಗುವವರು ವಿರಳ. ನಿಧಿಗಳ್ಳರ ಕಾಟದಿಂದ ಬೇಸತ್ತಿರುವ ಈ ಜಿಲ್ಲೆಯಲ್ಲಿ ಯಂತ್ರ ಹಿಡಿದು ಗುಡ್ಡದ ಬದಿಯಲ್ಲಿ ತಿರುಗುವವರನ್ನು ಊರಿನವರು ನಿಧಿಗಳ್ಳರೆಂದೇ ಭಾವಿಸುತ್ತಾರೆ. ಅಲ್ಲದೆ ಚಿತ್ರದುರ್ಗದ ಸುತ್ತಲಿನ ಶಿಲೆಗಳಲ್ಲಿ ಕಬ್ಬಿಣದ ಅಂಶ ಹೇರಳವಾಗಿರುವುದರಿಂದ ಯಂತ್ರ ಬರಿಯ ಕಲ್ಲಿಗೂ ಸದ್ದು ಮಾಡುತ್ತದೆ.

ತಮ್ಮ ಆಸಕ್ತಿ ನಿಜವಾದದ್ದಾದರೆ ಚಂದ್ರವಳ್ಳಿಯ ಕಡೆಗೆ ನೋಡಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ನಡೆಸಿದ ಉತ್ಖನನದಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಕಾಲದ ಬೆಳ್ಳಿ ನಾಣ್ಯವೊಂದು ಒಂದು ವಿಶಿಷ್ಟ ಬಗೆಯ ಮಡಕೆ ಚೂರುಗಳ ಜೊತೆಯಲ್ಲಿ ಸಿಕ್ಕಿತು. ಮಡಕೆಯೊಡನೆ ಸಿಕ್ಕದ್ದರಿಂದಲೇ ಅದು ಆ ಮಣ್ಣಿನ ಪದರದ ಕಾಲವನ್ನು ಗೊತ್ತುಮಾಡಲು ನೆರವಾಯಿತು. ಅದೇ ನಾಣ್ಯವನ್ನು ಯಾರಾದರೂ ಮೊದಲೇ ಕಿತ್ತು ಮಾರಿದ್ದರೆ ಬೆಳ್ಳಿಯ ಬೆಲೆಯಷ್ಟೇ ಬರುತ್ತಿತ್ತು. ಕೋಟೆಗೆ ಹೋದಾಗ ರಂಗಯ್ಯನಬಾಗಿಲಿನ ಬಳಿಯ ವಸ್ತುಸಂಗ್ರಹಾಲಯವನ್ನೂ ನಿಧಾನವಾಗಿ ನೋಡಿಬನ್ನಿ.

ಪ್ರಶ್ನೆ: ಮನೆ ಪಾಯ ತೆಗೆಯುವಾಗ ತೂತಿರುವ ಕಬ್ಬಿಣದ ದುಂಡನೆಯ ಉಂಡೆಯೊಂದು ಸಿಕ್ಕಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಪಡಸಾಲೆಯಲ್ಲಿ ಇಡಬಹುದೇ?
(ಗೃಹಿಣಿ, ದಾವಣಗೆರೆ)

ಉತ್ತರ: ಅದನ್ನು ಈಗಲೇ ಮುಟ್ಟುವುದನ್ನು ನಿಲ್ಲಿಸಿ, ತಾಯಿ. ತೂತಿಲ್ಲದ ಗಟ್ಟಿ ಉಂಡೆ ಫಿರಂಗಿಯ ಗುಂಡಾಗಿರಬಹುದು. ಆದರೆ ತೂತಿರುವುದು ಒಳಗೆ ಮದ್ದು ತುಂಬಿದ ಟೊಳ್ಳು ಗುಂಡಾಗಿರುವ ಸಾಧ್ಯತೆಯಿದೆ, ಆ ಮದ್ದು ನೂರಾರು ವರ್ಷಗಳ ಮೇಲೂ ಒಣಗಿದರೆ ಕಿಡಿಗೆ ಹೊತ್ತಿಕೊಳ್ಳಬಲ್ಲದು. ನೆರೆಯ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಒಂದು ಹಾಳುಬಾವಿಯಿಂದ ಟಿಪ್ಪುವಿನ ಕಾಲದವೆಂದು ಗುರುತಿಸಿದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್ಟುಗಳನ್ನು ರಾಜ್ಯ ಪುರಾತತ್ವ ಇಲಾಖೆಯವರು ಹೊರತೆಗೆದಾಗ, ಬಾವಿಯ ಕೆಸರಿನಲ್ಲಿ ಮದ್ದಿನ ವಾಸನೆ ಇನ್ನೂ ಉಳಿದಿತ್ತು. ಆದ್ದರಿಂದ ಅದನ್ನು ತಿಕ್ಕುವುದು, ಬಡಿಯುವುದು, ತೂತಿನೊಳಗೆ ಕಡ್ಡಿ ಹಾಕುವುದು, ಬಿಸಿಲಿಗೋ ಒಲೆಯ ಬಳಿಗೋ ಇಡುವುದು ಯಾವುದನ್ನೂ ಮಾಡಬೇಡಿ. ಮಕ್ಕಳನ್ನು ದೂರವಿರಿಸಿ, ಪಾಯದ ಕೆಲಸವನ್ನು ನಿಲ್ಲಿಸಿ, ಪೊಲೀಸ್ ಠಾಣೆಗೆ ಫೋನ್ ಮಾಡಿ. ಅವರು ಬರುವವರೆಗೆ ಅದು ಇದ್ದಲ್ಲಿಯೇ ಇರಲಿ.