ಆ ಹತ್ತು ಸಾವಿರವನ್ನು ಸದ್ಯಕ್ಕೆ ಮುಟ್ಟಬೇಡಿ

ಮಾರ್ಕೆಟಿಂಗ್‌ಗೆ ತಿಂಗಳಿಗೆ ಹತ್ತು ಸಾವಿರ ಇಟ್ಟಿದ್ದೀನಿ, ಇನ್‌ಸ್ಟಾಗ್ರಾಂಗೆ ಹಾಕಲಾ, ಫ್ಲೆಕ್ಸ್ ಕಟ್ಟಿಸಲಾ ಅಂತ ಕೇಳಿದ್ದೀರಿ. 2019ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ತುಮಕೂರಿನಲ್ಲಿ ನಮ್ಮದು ಮರದ ಗಾಣ. ಚಳ್ಳಕೆರೆ ಕಡೆಯಿಂದ ಕಡಲೆಬೀಜ ತರಿಸಿ ಎಣ್ಣೆ ತೆಗೆಯುತ್ತೇವೆ. ಒಂದು ಲೀಟರ್ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕೆಜಿ ಬೀಜ ಬೇಕು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಮಾರಿದ ದುಡ್ಡು ಕಳೆದರೂ ಪ್ಯಾಕೆಟ್ ಎಣ್ಣೆಗಿಂತ ನಮ್ಮದು ತುಂಬಾ ಜಾಸ್ತಿ ಬೀಳುತ್ತದೆ. ಹೊಸದರಲ್ಲಿ ಪರಿಚಯದವರು, ಪಕ್ಕದ ಬೀದಿಯವರು ಬಂದು ಕೊಂಡರು. ಮೂರನೇ ತಿಂಗಳಿಗೆ ವ್ಯಾಪಾರ ಇಳಿಯಿತು. ಜನಕ್ಕೆ ನಮ್ಮ ಗಾಣ ಇರುವುದೇ ಗೊತ್ತಿಲ್ಲ ಅಂದುಕೊಂಡೆ. ನಾಲ್ಕು ತಿಂಗಳಲ್ಲಿ ಫೇಸ್‌ಬುಕ್ ಜಾಹೀರಾತಿಗೆ 48 ಸಾವಿರ ಹಾಕಿದೆ.

ಆರ್ಡರ್ ಬಂದವು, ಇಲ್ಲ ಅನ್ನುವುದಿಲ್ಲ. ಬೆಂಗಳೂರು, ಮಂಗಳೂರಿನಿಂದೆಲ್ಲ ಒಂದೊಂದು ಲೀಟರ್ ಕೇಳಿದರು. ಕೊರಿಯರ್‌ನಲ್ಲಿ ಬಾಟಲಿ ಸೋರಿತು. ಒಂದು ಸಲ ತರಿಸಿದವರು ಮತ್ತೆ ತರಿಸಲಿಲ್ಲ.

ಆಮೇಲೊಂದು ದಿನ ದೇವಸ್ಥಾನದಲ್ಲಿ ನಮ್ಮ ಮೊದಲ ಗಿರಾಕಿಯೊಬ್ಬರು ಸಿಕ್ಕರು. "ಯಾಕೆ ಆಂಟಿ, ಈ ಕಡೆ ಬರಲೇ ಇಲ್ಲ?" ಅಂದೆ. ಅವರು ಹಿಂದೆ ಮುಂದೆ ನೋಡಿ ಹೇಳಿದರು: "ಬೇಜಾರು ಮಾಡ್ಕೋಬೇಡಮ್ಮ. ಎಣ್ಣೆ ತಳದಲ್ಲಿ ಗಸಿ ಇತ್ತು. ಬೋಂಡಾ ಕರಿಯೋಕೆ ಇಟ್ರೆ ನೊರೆ ಉಕ್ಕಿ ಬಂತು. ಏನೋ ಕಲಬೆರಕೆ ಅಂತ ನಮ್ಮನೇಲಿ ಬೇಡ ಅಂದ್ರು."

ನಾನು ಅಲ್ಲೇ ನಿಂತುಬಿಟ್ಟೆ. ಗಾಣದ ಎಣ್ಣೆಯನ್ನು ರಿಫೈನ್ ಮಾಡುವುದಿಲ್ಲ, ಅದಕ್ಕೇ ಕಾದಾಗ ನೊರೆ ಬರುತ್ತದೆ. ಗಸಿ ಅಂದರೆ ಬೀಜದ್ದೇ ನುಣ್ಣನೆ ಪುಡಿ. ನಾನು ಎಣ್ಣೆಯನ್ನು ಇನ್ನೆರಡು ದಿನ ತಿಳಿಯಾಗಲು ಬಿಟ್ಟು, ಬಾಟಲಿ ಕೊಡುವಾಗ ಈ ಎರಡು ಮಾತು ಹೇಳಿದ್ದರೆ ಸಾಕಿತ್ತು. ಹೇಳಿರಲಿಲ್ಲ. ನನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು: ಕೊಂಡವರ ಒಂದು ಫೋನ್ ನಂಬರ್ ಕೂಡ ಬರೆದಿಟ್ಟಿರಲಿಲ್ಲ. ನಂಬರ್ ಇದ್ದಿದ್ದರೆ ಹದಿನೈದು ದಿನ ಬಿಟ್ಟು "ಎಣ್ಣೆ ಹೇಗಿದೆ?" ಅಂತ ಕೇಳುತ್ತಿದ್ದೆ, ಆಗಲೇ ಅವರು ನೊರೆಯ ಮಾತು ಎತ್ತುತ್ತಿದ್ದರು. ಎಷ್ಟು ಮನೆಗಳು ಇದೇ ಕಾರಣಕ್ಕೆ ಬಿಟ್ಟುಹೋದವೋ ಇವತ್ತಿಗೂ ಗೊತ್ತಿಲ್ಲ, ಯಾಕೆಂದರೆ ಅವರು ಯಾರು ಅಂತಲೇ ಗೊತ್ತಿಲ್ಲ. ಲೆಕ್ಕ ಹಾಕಿ ನೋಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡೂವರೆ ಲೀಟರ್ ಎಣ್ಣೆ ಬೇಕು ಅಂದರೂ ವರ್ಷಕ್ಕೆ 30 ಲೀಟರ್. ಅಂಥ ಮನೆಗಳನ್ನು ಕೈಬಿಟ್ಟು, ದುಡ್ಡು ಕೊಟ್ಟು ಒಂದು ಲೀಟರ್‌ನವರನ್ನು ಹುಡುಕುತ್ತಿದ್ದೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮಾರ್ಕೆಟಿಂಗ್ ಅಂದರೆ ತಿಂಗಳಿಗೆ ಇಷ್ಟು ಅಂತ ಎತ್ತಿಟ್ಟು ಖರ್ಚು ಮಾಡುವ ದುಡ್ಡಲ್ಲ. ನಮ್ಮಂಥ ಸಣ್ಣ ಅಂಗಡಿಯವರಿಗೆ ಅದು ಕೊಂಡವರ ಹತ್ತಿರ ಮಾತಾಡುವ ಕೆಲಸ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಜಾಹೀರಾತು ಆಮೇಲೆ, ಬಂದವರು ನಿಲ್ಲುತ್ತಾರೆ ಅಂತ ಖಾತ್ರಿಯಾದ ಮೇಲೆ.

ನಾನು ಮಾಡಿದ್ದು ಇಷ್ಟೇ. ಒಂದು ನೂರು ಪುಟದ ನೋಟ್‌ಬುಕ್ ತಂದೆ. ಹೆಸರು, ನಂಬರ್, ಎಷ್ಟು ಲೀಟರ್, ಯಾವತ್ತು. ಎಣ್ಣೆಯನ್ನು ನಾಲ್ಕು ದಿನ ತಿಳಿಯಾಗಲು ಬಿಟ್ಟೆ. ನೊರೆ ಯಾಕೆ ಬರುತ್ತದೆ ಅಂತ ಬಾಟಲಿ ಮೇಲೆ ಅಚ್ಚು ಹಾಕಿಸಿದೆ. ಬಂದವರನ್ನು ಒಳಗೆ ಕರೆದು ಗಾಣ ತಿರುಗುವುದನ್ನು ತೋರಿಸಿದೆ. ಬೀಜ ಬಿದ್ದು ಎಣ್ಣೆ ಇಳಿಯುವುದನ್ನು ಕಣ್ಣಾರೆ ಕಂಡವರು ರೇಟಿನ ಬಗ್ಗೆ ಚೌಕಾಸಿ ಮಾಡಿದ್ದು ಕಡಿಮೆ. ವರ್ಷ ತುಂಬುವುದರೊಳಗೆ ಆ ನೋಟ್‌ಬುಕ್ಕಿನಲ್ಲಿ 140 ಮನೆಗಳಿದ್ದವು. ದೇವಸ್ಥಾನದಲ್ಲಿ ಸಿಕ್ಕ ಆಂಟಿಯದು ಅದರಲ್ಲಿ ಮೊದಲ ಹೆಸರು.

ನೀವು ಏನು ಮಾರುತ್ತೀರಿ ಅಂತ ಬರೆದಿಲ್ಲ. ಏನೇ ಇರಲಿ, ಒಂದು ಸಲ ಕೊಂಡು ಮತ್ತೆ ಬಾರದವರಲ್ಲಿ ಹತ್ತು ಜನರ ನಂಬರ್ ಹುಡುಕಿ ಈ ವಾರವೇ ಫೋನ್ ಮಾಡಿ. ಏನಂದರು ಅಂತ ಇಲ್ಲಿ ಬರೆಯಿರಿ, ಆಮೇಲೆ ಫ್ಲೆಕ್ಸ್ ವಿಷಯ ಮಾತಾಡೋಣ.